ಹೂವಿನ ಹೊತ್ತು: ಕುವೆಂಪುನಗರದ ಹಿತ್ತಲಲ್ಲಿ ಹೀರೆಕಾಯಿ ಕಚ್ಚದ ಒಂದು ಪ್ರಕರಣ

ಯುಗಾದಿಗೆ ಒಂದು ವಾರ ಇರುವಾಗ ಮೈಸೂರಿನಿಂದ ನನ್ನ ಸೋದರತ್ತೆ ಫೋನ್ ಮಾಡಿದರು. ಹಬ್ಬಕ್ಕೆ ಕರೆಯಲು ಮಾಡಿದ್ದಾರೆ ಅಂದುಕೊಂಡೆ. ಅವರು ನೇರವಾಗಿ ಹಿತ್ತಲಿನ ಮಾತಿಗೇ ಬಂದರು.

"ಮಗಾ, ಹೀರೆಬಳ್ಳಿ ತುಂಬ ಹೂವು ಕಣೋ. ಸೋರೆನೂ ಹಂಗೇ. ಒಂದು ಕಾಯಾದ್ರೂ ನಿಲ್ಲಬಾರ್ದಾ? ಹೀಚು ಬತ್ತದೆ, ನಾಕು ದಿನಕ್ಕೆ ಹಳದಿ ಆಯ್ತದೆ, ಉದುರೋಯ್ತದೆ. ನಿಮ್ಮಾವ ಬೀಜನೇ ಸರಿಯಿಲ್ಲ ಅಂತಾರೆ. ನಂಗ್ಯಾಕೋ ಕಣ್ಣಾಗಿರಬೇಕು ಅನ್ನಿಸ್ತದೆ."

ಇದು 2025ರ ಮಾರ್ಚ್ ತಿಂಗಳ ಮಾತು. ನಾನು ಮಂಡ್ಯದಲ್ಲಿ ಇರುವವನು. ಮನೆ ಹಿಂದಿನ ತುಂಡು ಜಾಗದಲ್ಲಿ ಹದಿನೈದು ವರ್ಷದಿಂದ ತರಕಾರಿ ಬೆಳೆಯುತ್ತಿದ್ದೇನೆ. ಹಾಗಾಗಿ ನೆಂಟರ ಮನೆಯ ಗಿಡಬಳ್ಳಿಗಳ ದೂರೆಲ್ಲ ನನ್ನ ಹತ್ತಿರವೇ ಬರುತ್ತದೆ. ಹೂ ಬಿಟ್ಟು ಕಾಯಿ ಕಚ್ಚದ ಬಳ್ಳಿಯ ದೂರು ಪ್ರತಿ ಬೇಸಿಗೆಯಲ್ಲೂ ಒಂದಾದರೂ ಇರುತ್ತದೆ. ಆದರೆ ಅತ್ತೆಯ ಮನೆಯ ಈ ಪ್ರಕರಣ ನನಗೇ ಒಂದು ಪಾಠ ಕಲಿಸಿತು. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಮೊದಲು ಜಾಗದ ವಿವರ. ಅತ್ತೆ, ಮಾವ ಇಬ್ಬರೂ ಪಾಂಡವಪುರದ ಕಡೆಯವರು. ಮಾವ ಹೈಸ್ಕೂಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಈಗ ಕುವೆಂಪುನಗರದಲ್ಲಿ ಸ್ವಂತ ಮನೆ. ಹಿಂದೆ ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಮಣ್ಣಿನ ಜಾಗ ಉಳಿಸಿಕೊಂಡಿದ್ದಾರೆ. ಮೈಸೂರಿನ ಸೀಮೆಯ ಕೆಂಪು ಮಣ್ಣು, ಮರಳು ಸ್ವಲ್ಪ ಜಾಸ್ತಿ. ನೀರು ಬೇಗ ಇಂಗುತ್ತದೆ, ಬೇಗ ಒಣಗುತ್ತದೆ. ಅದಕ್ಕೆ ಮೂರು ವರ್ಷದಿಂದ ಕೊಟ್ಟಿಗೆ ಗೊಬ್ಬರ, ತರಗೆಲೆ ಹಾಕಿ ಮಣ್ಣನ್ನು ಚೆನ್ನಾಗಿ ಹದ ಮಾಡಿದ್ದರು. ಸರ್ವೆ ಕಂಬ ನೆಟ್ಟು, ತಂತಿ ಎಳೆದು, ಮೇಲೆ ನೈಲಾನ್ ಬಲೆ ಹಾಸಿ ಚಪ್ಪರ ಕಟ್ಟಿಸಿದ್ದರು. ಸಂಕ್ರಾಂತಿ ಮುಗಿದ ವಾರ ಬೀಜ ಹಾಕಿದ್ದರು. ನಾಲ್ಕು ಪಾತಿ ಹೀರೆ, ಎರಡು ಸೋರೆ, ಎರಡು ಹಾಗಲ, ಎರಡು ಸೌತೆ. ಹೀರೆಬೀಜ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಮೀತ್ ತಳಿಯದು. ಸೋರೆಬೀಜ ಊರಿನಿಂದ ತಂದದ್ದು, ಅತ್ತೆಯ ತಾಯಿ ಮನೆಯಲ್ಲಿ ಎಷ್ಟೋ ವರ್ಷದಿಂದ ಬೂದಿಯಲ್ಲಿ ಕಾಪಾಡಿಕೊಂಡು ಬಂದದ್ದು.

ಈ ಹೊತ್ತಿಗೆ ಅವರು ಏನೇನು ಮಾಡಿ ನೋಡಿದ್ದರು ಎಂದು ಫೋನಿನಲ್ಲೇ ಕೇಳಿಕೊಂಡೆ. ಪಟ್ಟಿ ಸಣ್ಣದಿರಲಿಲ್ಲ. ಬಳ್ಳಿಗೆ ಶಕ್ತಿ ಸಾಲದು ಎಂದು ಕಡ್ಲೆಕಾಯಿ ಹಿಂಡಿ ನೆನೆಹಾಕಿ ಹೊಯ್ದಿದ್ದರು. ಗೊಬ್ಬರದ ಅಂಗಡಿಯಲ್ಲಿ ಯಾರೋ ಹೇಳಿದರೆಂದು ಬುಡಕ್ಕೆ ಎರಡು ಸಲ ಯೂರಿಯಾ ಕೊಟ್ಟಿದ್ದರು. ಎಲೆ ಹಿಂದೆ ಹೇನು ಕಂಡಿತೆಂದು ಎರಡು ಸಲ ಔಷಧಿ ಹೊಡೆದಿದ್ದರು, ಆಮೇಲೆ ಪ್ರತಿ ಭಾನುವಾರ ಬೇವಿನೆಣ್ಣೆ. ನೀರು ಸಾಲದೇನೋ ಎಂದು ದಿನಕ್ಕೆ ಎರಡು ಹೊತ್ತು ನೀರು. ಚಪ್ಪರದ ಮೂಲೆಗೆ ಸುಣ್ಣದ ಬೊಟ್ಟಿಟ್ಟ ಒಂದು ಮಡಕೆಯೂ ಏರಿತ್ತು. ಮಾವ ಓದಿದವರು, ಎಲ್ಲೋ ತಿಳಿದುಕೊಂಡು ಕೈಯಿಂದ ಪರಾಗಸ್ಪರ್ಶವನ್ನೂ ಮಾಡಿದ್ದರು. ವಾಕಿಂಗ್ ಮುಗಿಸಿ ಬಂದು, ಬೆಳಿಗ್ಗೆ ಏಳೂವರೆಗೆ, ಒಂದು ವಾರ ತಪ್ಪದೆ. ಆದರೂ ಒಂದು ಕಾಯಿಯೂ ನಿಂತಿರಲಿಲ್ಲ.

ಯುಗಾದಿ ಆ ವರ್ಷ ಮಾರ್ಚ್ 30ರಂದು. ಮರುದಿನ ಹೊಸತೊಡಕಿಗೆ ನಾನು ಮೈಸೂರಿಗೆ ಹೋದೆ. ಊಟಕ್ಕೆ ಮುಂಚೆಯೇ ಹಿತ್ತಲಿಗೆ ಇಳಿದೆ.

ಚಪ್ಪರ ನೋಡಿ ಸಂತೋಷವಾಯಿತು. ಎಲೆ ಅಂಗೈಗಿಂತ ದೊಡ್ಡದು, ಕಡು ಹಸಿರು. ಹೀರೆಯಲ್ಲಿ ಗೊನೆಗೊನೆ ಮೊಗ್ಗು. ಸೋರೆಯ ತುದಿ ಪಕ್ಕದ ಮನೆಯ ನಿಂಬೆಗಿಡದ ತನಕ ಹೋಗಿತ್ತು. ಬಳ್ಳಿಗೆ ಶಕ್ತಿ ಕಡಿಮೆ ಅನ್ನುವ ಮಾತನ್ನು ಅಲ್ಲೇ ಬಿಟ್ಟೆ. ಮೊಸಾಯಿಕ್ ರೋಗದ ಗುರುತೂ ಇಲ್ಲ, ಎಲೆಯಲ್ಲಿ ಮಚ್ಚೆ, ಮುದುಡು ಯಾವುದೂ ಇರಲಿಲ್ಲ.

ನೆಲದ ಮೇಲೆ ಉದುರಿದ್ದ ಹೀಚುಗಳನ್ನು ಆರಿಸಿ ಒಂದು ಮೊರಕ್ಕೆ ಹಾಕಿಕೊಂಡೆ. ಬಳ್ಳಿಯಲ್ಲೇ ಹಳದಿಯಾಗಿದ್ದವನ್ನೂ ಕಿತ್ತೆ. ಒಟ್ಟು ಹನ್ನೊಂದು ಆದವು. ಅತ್ತೆಯ ಈಳಿಗೆಮಣೆ ತರಿಸಿ ಒಂದೊಂದನ್ನೂ ಉದ್ದಕ್ಕೆ ಸೀಳಿದೆ. ಕಾಯಿ ಉದುರಿದಾಗ ನಾನು ಮೊದಲು ಮಾಡುವ ಕೆಲಸ ಇದು. ಹೀಚು ಉದುರುವುದಕ್ಕೆ ಎರಡು ದೊಡ್ಡ ಕಾರಣ ಇರುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಒಂದು ಹಣ್ಣು ನೊಣ. ರೈತರು ಇದನ್ನು ಊಜಿ ಅನ್ನುವುದೂ ಉಂಟು. ಅದು ಎಳೆ ಕಾಯಿಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಚುಚ್ಚಿದ ಜಾಗದಲ್ಲಿ ಸಣ್ಣ ಚುಕ್ಕೆ, ಕೆಲವು ಸಲ ಅಂಟಿನ ಹನಿ. ಸೀಳಿದರೆ ಬಿಳಿ ಹುಳ. ಇನ್ನೊಂದು, ಪರಾಗ ಬೀಳದೇ ಹೋದದ್ದು. ಅಂಥ ಹೀಚು ಬೆಳೆಯುವುದೇ ಇಲ್ಲ. ಹೂವಿನ ತುದಿಯಿಂದ ಹಳದಿ ತಿರುಗಿ, ಸುರುಟಿ, ತೊಟ್ಟು ಕಳಚಿ ಬೀಳುತ್ತದೆ. ಒಳಗೆ ಹುಳವಿಲ್ಲ, ತೂತಿಲ್ಲ.

ಹನ್ನೊಂದರಲ್ಲಿ ಎರಡರಲ್ಲಿ ಮಾತ್ರ ಹುಳ ಇತ್ತು. ಉಳಿದ ಒಂಬತ್ತು ಒಳಗೆ ಸ್ವಚ್ಛ.

ಅಂದರೆ ಪರಾಗ ಬೀಳುತ್ತಿಲ್ಲ. ಇಲ್ಲಿಗೆ ಅರ್ಧ ದಾರಿ ಮುಗಿಯಿತು ಅನ್ನಿಸಿತು. ಆದರೆ ಅದೇ ಚಪ್ಪರದ ಆ ಕಡೆ ಅರ್ಧ ನೋಡಿ ಸ್ವಲ್ಪ ಹೊತ್ತು ಗೊಂದಲವಾಯಿತು. ಸೌತೆಕಾಯಿ ಆಗಲೇ ಇಪ್ಪತ್ತಕ್ಕಿಂತ ಜಾಸ್ತಿ ಕಿತ್ತಿದ್ದರು. ಹಾಗಲಕಾಯಿ ಜೋತಾಡುತ್ತಿತ್ತು. ಮಣ್ಣು ಒಂದೇ, ನೀರು ಒಂದೇ, ಗೊಬ್ಬರ ಒಂದೇ, ಕೈಯೂ ಒಂದೇ. ಸೌತೆಗೂ ಹಾಗಲಕ್ಕೂ ಯಾರೂ ಕೈಯಿಂದ ಪರಾಗ ಮುಟ್ಟಿಸಿರಲಿಲ್ಲ. ಅವು ತಾವಾಗಿಯೇ ಕಚ್ಚಿದ್ದವು. ಅಂದಮೇಲೆ ಹಿತ್ತಲಿಗೆ ಜೇನು ಬರುತ್ತಿದೆ. ನಾನು ನೋಡುತ್ತಿದ್ದಂತೆಯೇ ಹಾಗಲದ ಹೂವಿನ ಮೇಲೆ ಮುಜಂಟಿ ಜೇನು ಎರಡು ಮೂರು ಓಡಾಡುತ್ತಿದ್ದವು. ಪಕ್ಕದ ಮನೆಯ ಕಾಂಪೌಂಡ್ ಮೇಲೆ ತುಪ್ಪದ ಹೀರೆ ಹಬ್ಬಿತ್ತು, ಅದರಲ್ಲೂ ಕಾಯಿ ತುಂಬಿತ್ತು. ಅದನ್ನು ನೋಡಿಯೇ ಮಾವ, "ಅವರ ಹೀರೆ ಕಾಯಿ ಬಿಡ್ತದೆ, ನಮ್ಮದು ಬಿಡಲ್ಲ ಅಂದ್ರೆ ಬೀಜದ್ದೇ ದೋಷ ಅಲ್ವಾ?" ಎಂದು ತೀರ್ಮಾನ ಮಾಡಿಬಿಟ್ಟಿದ್ದರು. ನೋಡುವವರಿಗೆ ಹಾಗೆ ಅನ್ನಿಸುವುದು ಸಹಜವೇ.

ಆದರೆ ಆ ಎರಡು ಹೀರೆಗಳ ನಡುವೆ ಒಂದು ದೊಡ್ಡ ವ್ಯತ್ಯಾಸ ಇದೆ. ತುಪ್ಪದ ಹೀರೆಯ ಹೂವು ಬೆಳಗಿನ ಜಾವ ಅರಳುತ್ತದೆ. ಏಣು ಇರುವ ನಮ್ಮ ಸಾಮಾನ್ಯ ಹೀರೆಯ ಹೂವು ಅರಳುವುದು ಸಂಜೆ. ಸುಮಾರು ಐದರಿಂದ ಎಂಟು ಗಂಟೆಯ ಒಳಗೆ. ಸೋರೆಯೂ ಸಂಜೆಯ ಹೂವೇ. ಪಡವಲ ಇನ್ನೂ ಸ್ವಲ್ಪ ತಡ, ದೀಪ ಹಚ್ಚುವ ಹೊತ್ತಿನ ಮೇಲೆ. ಸೌತೆ, ಹಾಗಲ, ಸಿಹಿಕುಂಬಳ ಇವೆಲ್ಲ ಬೆಳಗಿನವು. ಅತ್ತೆಯ ಚಪ್ಪರದಲ್ಲಿ ಕಾಯಿ ಕಚ್ಚಿದ್ದೆಲ್ಲ ಬೆಳಗಿನ ಹೂವು. ಕಚ್ಚದೇ ಇದ್ದದ್ದೆಲ್ಲ ಸಂಜೆಯ ಹೂವು.

ಹಾಗಾದರೆ ಈ ಮನೆಯ ಹಿಂದೆ ಸಂಜೆ ಏನು ನಡೆಯುತ್ತದೆ? ಅದನ್ನು ನೋಡಲೇಬೇಕು ಅನ್ನಿಸಿತು. ಆ ದಿನವೇ ಮಂಡ್ಯಕ್ಕೆ ವಾಪಸ್ ಹೋಗುವ ಯೋಚನೆ ಇತ್ತು, ಬಿಟ್ಟೆ.

ಸಂಜೆ ಐದಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಚಪ್ಪರದ ಕೆಳಗೆ ಕುಳಿತೆ. ಬಿಸಿಲು ಇಳಿಯುತ್ತಿತ್ತು. ಮಧ್ಯಾಹ್ನ ಬಾಡಿ ಜೋತಿದ್ದ ಎಲೆಗಳು ನಿಧಾನಕ್ಕೆ ಎದ್ದವು. ಬೇಸಿಗೆಯಲ್ಲಿ ಮಧ್ಯಾಹ್ನ ಎಲೆ ಬಾಡಿದ ಮಾತ್ರಕ್ಕೆ ನೀರು ಸಾಲದು ಅಂತಲ್ಲ. ಸಂಜೆಗೆ ತಾನಾಗಿ ಎದ್ದರೆ ಬಳ್ಳಿ ಸರಿ ಇದೆ ಎಂದೇ ಅರ್ಥ. ಐದೂಮುಕ್ಕಾಲಿಗೆ ಹೀರೆಯ ಮೊದಲ ಮೊಗ್ಗು ಸಡಿಲವಾಯಿತು. ಬಿಗಿಯಾಗಿ ಸುತ್ತಿಕೊಂಡಿದ್ದ ಹಳದಿ ದಳಗಳು ಬಿಚ್ಚಿಕೊಂಡು ಅಗಲವಾದವು. ಹತ್ತು ನಿಮಿಷಕ್ಕೆ ಇನ್ನೊಂದು, ಆಮೇಲೆ ಒಟ್ಟೊಟ್ಟಿಗೆ. ಸೋರೆಯ ಬಿಳಿ ಹೂವೂ ಅದೇ ಹೊತ್ತಿಗೆ ಬಿಚ್ಚಿತು. ಒಂದು ಗಂಡು ಹೂವಿನ ಮಧ್ಯೆ ಬೆರಳಿಟ್ಟೆ. ಅರಿಶಿನದಂಥ ಪುಡಿ ಅಂಟಿತು. ಅತ್ತೆಯನ್ನು ಕರೆದು ತೋರಿಸಿದೆ. ಅರವತ್ತೆಂಟು ವರ್ಷದಿಂದ ಹೀರೆಕಾಯಿ ನೋಡಿದವರು ಅವರು. ಹೂವು ಅರಳುವುದನ್ನು ಹೀಗೆ ನಿಂತು ನೋಡಿದ್ದು ಅದೇ ಮೊದಲು ಅಂದರು.

ಆರೂ ಹತ್ತಕ್ಕೆ ಮಾವ ಪೈಪ್ ಹಿಡಿದು ಬಂದರು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಮಳೆ ಸುರಿದ ಹಾಗೆ ಚಪ್ಪರದ ಮೇಲಿನಿಂದ ನೀರು ಬಿಡಲು ಶುರು ಮಾಡಿದರು. ಬಿಸಿಲಿಗೆ ಎಲೆ ಕಾದಿರುತ್ತದೆ, ತಂಪಾಗಲಿ ಎಂದು. ದಿನಾ ಹಾಗೇ ಮಾಡುತ್ತಿದ್ದರಂತೆ. ಆಗ ತಾನೇ ಅರಳಿದ ಅಷ್ಟೂ ಹೂವಿನ ಒಳಗೆ ನೀರು ನಿಂತಿತು. ಪುಡಿ ಒದ್ದೆಯಾಗಿ ಮುದ್ದೆಯಾಯಿತು. ಆ ಒದ್ದೆ ಪುಡಿ ಕೀಟದ ಮೈಗೆ ಅಂಟುವುದಿಲ್ಲ, ಹೆಣ್ಣು ಹೂವಿಗೆ ಹೋದರೂ ಕೆಲಸಕ್ಕೆ ಬರುವುದಿಲ್ಲ.

ಆರೂವರೆಗೆ ಸೂರ್ಯ ಮುಳುಗಿದ. ಅತ್ತೆ ದೇವರಿಗೆ ದೀಪ ಹಚ್ಚಿ, ಹಿತ್ತಲ ಬಾಗಿಲು ಹಾಕಿ, ಹಿಂದಿನ ಎಲ್‌ಇಡಿ ದೀಪ ಹಾಕಿದರು. ಅದು ಚಪ್ಪರದ ನೆತ್ತಿಯ ಮೇಲೇ ಇತ್ತು. ರಾತ್ರಿ ಹತ್ತರ ತನಕ ಉರಿಯುತ್ತದೆ. ಕಳ್ಳಕಾಕರ ಭಯಕ್ಕೆ ಹಾಕಿಸಿದ್ದು. ಕತ್ತಲಾದ ಮೇಲೆ ಸೋರೆ, ಹೀರೆಯ ಹೂವಿಗೆ ಬರುವುದು ಪತಂಗಗಳು. ಅವು ಬಂದವು, ಆದರೆ ದೀಪದ ಸುತ್ತಲೇ ಗಿರಕಿ ಹೊಡೆದವು. ಮುಕ್ಕಾಲು ಗಂಟೆ ಕುಳಿತು ನೋಡಿದೆ. ಹೂವಿನ ಮೇಲೆ ಒಂದೂ ಕೂರಲಿಲ್ಲ.

ಊಟದ ಹೊತ್ತಿಗೆ ಔಷಧಿ ಯಾವಾಗ ಹೊಡೆಯುತ್ತೀರಿ ಎಂದು ಮಾವನನ್ನು ಕೇಳಿದೆ. "ಸಂಜೆ ಆರಕ್ಕೆ ಕಣಪ್ಪ. ಬೆಳಿಗ್ಗೆ ಹೊಡೆದರೆ ಜೇನಿಗೆ ತೊಂದರೆ ಅಲ್ವಾ? ಸಂಜೆ ಹೊಡೀಬೇಕು ಅಂತ ಎಲ್ಲ ಕಡೆ ಹೇಳ್ತಾರೆ" ಅಂದರು.

ಈ ಮಾತು ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಯಾಕೆಂದರೆ ಆ ಸಲಹೆಯನ್ನು ನಾನೂ ಎಷ್ಟೋ ಜನಕ್ಕೆ ಕೊಟ್ಟಿದ್ದೇನೆ. ಸೌತೆಗೆ, ಕುಂಬಳಕ್ಕೆ, ಟೊಮೆಟೊಗೆ, ಬದನೆಗೆ ಅದು ಸರಿಯಾದ ಸಲಹೆ. ಬೆಳಗಿನ ಹೂವು ಸಂಜೆಗೆ ಮುಚ್ಚಿರುತ್ತದೆ, ಜೇನು ಗೂಡಿಗೆ ಹೋಗಿರುತ್ತದೆ. ಹೀರೆ, ಸೋರೆಗೆ ಮಾತ್ರ ಅದೇ ಹೊತ್ತು ಹೂವು ಬಾಯಿ ತೆರೆದಿರುತ್ತದೆ. ಮಾವ ಜೇನಿನ ಮೇಲಿನ ಕಾಳಜಿಗೆ ಸಂಜೆ ಆರಿಸಿಕೊಂಡರು. ಅದೇ ಕಾಳಜಿ ಹೀರೆಯ ಹೂವಿನ ಮೇಲೆ ಎಣ್ಣೆಯಾಗಿ ಬಿತ್ತು. ತಪ್ಪು ಅವರದ್ದಲ್ಲ. ಹೂವಿನ ಹೊತ್ತು ಕೇಳದೆ ಎಲ್ಲ ಬಳ್ಳಿಗೂ ಒಂದೇ ಮಾತು ಹೇಳುವ ನಮ್ಮಂಥವರ ತಪ್ಪು. ನನಗೆ ನಿಜವಾಗಿಯೂ ಬೇಸರವಾಯಿತು.

ಇನ್ನು ಅವರ ಬೆಳಗಿನ ಪರಾಗಸ್ಪರ್ಶ. ಏಳೂವರೆಗೆ ಅವರ ಕೈಗೆ ಸಿಗುತ್ತಿದ್ದದ್ದು ಎರಡೇ ಥರದ ಹೂವು. ನಿನ್ನೆ ಸಂಜೆ ಅರಳಿ, ರಾತ್ರಿ ನೆನೆದು, ಬೆಳಿಗ್ಗೆಗೆ ಮುದುಡಿದ ಹೂವು. ಇಲ್ಲವೇ ಇಂದು ಸಂಜೆ ಅರಳಬೇಕಾದ ಮೊಗ್ಗು. ಹೆಣ್ಣು ಹೂವು ಮರುದಿನವೂ ಸ್ವಲ್ಪ ಹೊತ್ತು ಪರಾಗ ಹಿಡಿಯಬಲ್ಲದು. ಆದರೆ ಉಜ್ಜಲು ಒಳ್ಳೆ ಪುಡಿಯೇ ಇಲ್ಲದ ಗಂಡು ಹೂವನ್ನು ಎಷ್ಟು ಉಜ್ಜಿದರೇನು?

ಇಷ್ಟು ಕಂಡ ಮೇಲೂ ಸುಮ್ನೆ ಹೇಳಿ ಹೋಗಲು ಮನಸ್ಸಾಗಲಿಲ್ಲ. ಪರೀಕ್ಷೆ ಮಾಡೋಣ ಅಂದೆ. ಅತ್ತೆಯ ಹೊಲಿಗೆ ಡಬ್ಬಿಯಿಂದ ಕೆಂಪು ದಾರ, ಬಿಳಿ ದಾರ ತೆಗೆದುಕೊಂಡೆವು. ಮರುದಿನದಿಂದ ಮೂರು ಸಂಜೆ ಅರಳುವ ಹೀರೆಯ ಹೆಣ್ಣು ಹೂವುಗಳನ್ನು ಒಂದು ಬಿಟ್ಟು ಒಂದರಂತೆ ಹಂಚಿದೆವು. ಕೆಂಪು ದಾರದ್ದಕ್ಕೆ ಸಂಜೆ ಕೈಯಿಂದ ಪರಾಗ ಮುಟ್ಟಿಸುವುದು. ಬಿಳಿ ದಾರದ್ದನ್ನು ಹಾಗೇ ಬಿಡುವುದು. ನೀರನ್ನು ಮಾತ್ರ ಅವತ್ತಿಂದಲೇ ಬುಡಕ್ಕೆ, ಬೆಳಿಗ್ಗೆ ಹೊತ್ತು ಕೊಡಲು ಒಪ್ಪಿಸಿದೆ. ದೀಪ ಹಾಗೇ ಇರಲಿ ಅಂದೆ.

ಗಂಡು ಯಾವುದು, ಹೆಣ್ಣು ಯಾವುದು ಎಂದು ಅತ್ತೆಗೆ ಹೇಳಿಕೊಡಬೇಕಾಗಲಿಲ್ಲ. ಹೆಣ್ಣು ಹೂವಿನ ಹಿಂದೆ ಬೆರಳುದ್ದದ ಹೀಚು ಮೊದಲೇ ಇರುತ್ತದೆ, ಒಂಟಿಯಾಗಿ ಬರುತ್ತದೆ. ಗಂಡು ಹೂವಿಗೆ ಬರೀ ತೊಟ್ಟು, ಹೀರೆಯಲ್ಲಿ ಗೊನೆಯಾಗಿ ಬರುತ್ತದೆ. ಮುಟ್ಟಿಸುವುದೂ ಕಷ್ಟವಲ್ಲ. ಆಗ ತಾನೇ ಅರಳಿದ ಗಂಡು ಹೂವನ್ನು ತೊಟ್ಟು ಸಮೇತ ಕಿತ್ತು, ದಳ ಹಿಂದಕ್ಕೆ ಮಡಚಿ, ಮಧ್ಯದ ಪುಡಿಯನ್ನು ಹೆಣ್ಣು ಹೂವಿನ ನಡುವೆ ಇರುವ ಅಂಟಂಟು ತುದಿಗೆ ಮೆಲ್ಲಗೆ ಸವರಬೇಕು. ಆ ತುದಿ ಮೂರು ಭಾಗವಾಗಿ ಒಡೆದಿರುತ್ತದೆ, ಮೂರಕ್ಕೂ ತಾಗಿಸಬೇಕು. ಒಂದೇ ಕಡೆ ತಾಗಿಸಿದರೆ ಕಾಯಿ ಸೊಟ್ಟ ಬರುವುದುಂಟು. ಒಂದು ಗಂಡು ಹೂವಿನಿಂದ ಎರಡು ಮೂರು ಹೆಣ್ಣು ಹೂವಿಗೆ ಧಾರಾಳವಾಗಿ ಆಗುತ್ತದೆ. ಒತ್ತಿ ಉಜ್ಜಬಾರದು.

ಮೂರು ಸಂಜೆಗೆ ಹೀರೆಯಲ್ಲಿ ಹನ್ನೆರಡು ಹೆಣ್ಣು ಹೂವು ಸಿಕ್ಕವು. ಆರು ಕೆಂಪು, ಆರು ಬಿಳಿ. ಸೋರೆಯಲ್ಲಿ ಸಿಕ್ಕಿದ್ದು ನಾಲ್ಕೇ. ಮೂರಕ್ಕೆ ಮುಟ್ಟಿಸಿದರು, ಒಂದನ್ನು ಬಿಟ್ಟರು. ನಾನು ಅಷ್ಟರಲ್ಲಿ ಮಂಡ್ಯಕ್ಕೆ ಬಂದಿದ್ದೆ. ಮಾವ ಹಳೇ ಮೇಷ್ಟ್ರು, ಕ್ಯಾಲೆಂಡರಿನ ಮೇಲೆ ದಿನಾ ಬರೆದಿಟ್ಟು ಫೋಟೋ ಕಳಿಸಿದರು. ಏಪ್ರಿಲ್ 9ರ ಹೊತ್ತಿಗೆ ಕೆಂಪು ದಾರದ ಆರರಲ್ಲಿ ಐದು ಹೀಚು ನಿಂತಿದ್ದವು. ತೊಟ್ಟು ದಪ್ಪವಾಗಿ, ಬಣ್ಣ ಕಡುವಾಗಿ, ಕೆಳಗೆ ಜೋತಿದ್ದವು. ಬಿಳಿ ದಾರದ ಆರರಲ್ಲಿ ಒಂದೇ ನಿಂತಿತು. ಅದೂ ತೊಟ್ಟಿನ ಕಡೆ ದಪ್ಪ, ತುದಿಯ ಕಡೆ ಸಣಕಲು. ಸೋರೆಯಲ್ಲಿ ಮುಟ್ಟಿಸಿದ ಮೂರರಲ್ಲಿ ಎರಡು ನಿಂತವು, ಬಿಟ್ಟದ್ದು ಬಿತ್ತು.

ಬೀಜ ಸರಿ ಇದೆ ಅನ್ನುವುದು ಅಲ್ಲಿಗೆ ತೀರ್ಮಾನವಾಯಿತು. ಅದೇ ಬೀಜ, ಅದೇ ಬಳ್ಳಿ, ಒಂದು ಗೇಣು ಅಂತರದ ಎರಡು ಹೂವು. ಒಂದು ಕಾಯಾಯಿತು, ಇನ್ನೊಂದು ಆಗಲಿಲ್ಲ. ಮಾವ ಫೋನ್ ಮಾಡಿ, "ನಾನು ಸುಮ್ನೆ ಬೀಜದವರನ್ನ ಬೈಕೊಂಡೆನಲ್ಲಪ್ಪ" ಅಂದರು. ಅತ್ತೆ ಮಡಕೆ ಇಳಿಸಲಿಲ್ಲ. ಇರಲಿ, ಅದರಿಂದ ಬಳ್ಳಿಗೆ ಕೆಡುಕೇನೂ ಇಲ್ಲ.

ಆಮೇಲೆ ಮಾಡಿದ ಬದಲಾವಣೆಗಳು ಸಣ್ಣವು. ಹಿಂದಿನ ದೀಪವನ್ನು ಚಪ್ಪರದ ಮೇಲಿಂದ ತೆಗೆಸಿ ಬಾಗಿಲ ಪಕ್ಕಕ್ಕೆ, ಕೆಳಮುಖವಾಗಿ ಹಾಕಿಸಿದರು. ಬೇಕಾದಾಗ ಮಾತ್ರ ಹಾಕುವುದು ಎಂದಾಯಿತು. ಬೇವಿನೆಣ್ಣೆ ನಿಂತಿತು. ಹೇನಿಗೆ ಏನು ಮಾಡೋದು ಎಂದು ಮಾವ ಕೇಳಿದರು. ಇಂಥ ಬೆರಕೆ ಚಪ್ಪರದಲ್ಲಿ ಬೆಳಿಗ್ಗೆ ಹೊಡೆದರೆ ಸೌತೆ, ಹಾಗಲಕ್ಕೆ ತೊಂದರೆ. ಸಂಜೆ ಹೊಡೆದರೆ ಹೀರೆ, ಸೋರೆಗೆ. ಹಾಗಾಗಿ ಚಪ್ಪರಕ್ಕೆಲ್ಲ ಹೊಡೆಯುವುದನ್ನೇ ಬಿಡಿ ಅಂದೆ. ಹೇನು ಸಾಮಾನ್ಯವಾಗಿ ಎಳೆ ತುದಿಯಲ್ಲಿ, ಎಲೆಯ ಅಡಿಯಲ್ಲಿ ಗುಂಪಾಗಿ ಇರುತ್ತದೆ. ಅಷ್ಟು ಎಲೆಯನ್ನು ಬೆರಳಿನಿಂದ ಒರೆಸಿದರೆ, ತೀರಾ ಜಾಸ್ತಿ ಇದ್ದರೆ ಆ ಎಲೆಯನ್ನೇ ಕಿತ್ತು ಹಾಕಿದರೆ ಇಷ್ಟು ಸಣ್ಣ ಹಿತ್ತಲಿಗೆ ಸಾಕು. ಅವರಿಗೂ ಸಾಕಾಯಿತು.

ಯೂರಿಯಾ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಈ ಜಾತಿಯ ಬಳ್ಳಿಗಳಲ್ಲಿ ಮೊದಲು ಬರುವುದು ಗಂಡು ಹೂವೇ. ಒಂದು, ಒಂದೂವರೆ ವಾರ ಬರೀ ಗಂಡು ಹೂವು ಬಂದು ಉದುರಿದರೆ ಹೆದರಬೇಕಾಗಿಲ್ಲ. ಆದರೆ ಸಾರಜನಕ ಜಾಸ್ತಿಯಾದರೆ, ಬಿಸಿಲು ಏರಿದರೆ, ಹಗಲು ಉದ್ದವಾದರೆ ಗಂಡು ಹೂವಿನ ಪಾಲು ಹೆಚ್ಚುತ್ತದೆ. ವಸಂತದಲ್ಲಿ ಬಿಸಿಲೂ ಏರುತ್ತದೆ, ಹಗಲೂ ಉದ್ದವಾಗುತ್ತದೆ. ಅವೆರಡೂ ನಮ್ಮ ಕೈಯಲ್ಲಿಲ್ಲ. ಏಪ್ರಿಲ್‌ನಲ್ಲಿ ಮೈಸೂರಿನ ಮಧ್ಯಾಹ್ನ 34–35 ಡಿಗ್ರಿ ಸಾಮಾನ್ಯ. ನಮ್ಮ ಕೈಯಲ್ಲಿ ಇರುವುದು ಗೊಬ್ಬರ ಒಂದೇ. ಹಿಂಡಿ ನೀರಿನ ಮೇಲೆ ಯೂರಿಯಾ ಹಾಕಿದ್ದರಿಂದ ಬಳ್ಳಿ ಎಲೆಗೇ ಹೋಗಿತ್ತು. ಎರಡು ಸೋರೆ ಬಳ್ಳಿಗೆ ಸೇರಿ ಮೂರು ಸಂಜೆಯಲ್ಲಿ ನಾಲ್ಕೇ ಹೆಣ್ಣು ಹೂವು ಬಂದದ್ದು ಅದಕ್ಕೇ ಇರಬೇಕು. ಕೊಟ್ಟದ್ದನ್ನು ವಾಪಸ್ ತೆಗೆಯಲು ಬರುವುದಿಲ್ಲ. ಮುಂದೆ ಏನೂ ಹಾಕಬೇಡಿ, ಬುಡಕ್ಕೆ ತರಗೆಲೆ ಮುಚ್ಚಿ ತೇವ ಹಿಡಿದಿಡಿ ಅಂದೆ. ಸೋರೆಯ ಮುಖ್ಯ ಬಳ್ಳಿಯ ತುದಿಯನ್ನು ಚಿವುಟಿಸಿದೆ. ಸೋರೆಯಲ್ಲಿ ಹೆಣ್ಣು ಹೂವು ಜಾಸ್ತಿ ಬರುವುದು ಕವಲು ಬಳ್ಳಿಗಳಲ್ಲಿ. ತುದಿ ಚಿವುಟಿದ ಮೇಲೆ ಕವಲು ಒಡೆದವು. ಏಪ್ರಿಲ್ ಕೊನೆಗೆ ಸೋರೆಯಲ್ಲಿ ಹೆಣ್ಣು ಹೂವಿಗೆ ಬರವಿರಲಿಲ್ಲ.

ಶಾಲೆಗೆ ಬೇಸಿಗೆ ರಜೆ ಬಂದು ಮೊಮ್ಮಗಳು ಬೆಂಗಳೂರಿನಿಂದ ಬಂದಳು. ಒಂಬತ್ತು ವರ್ಷದ ಹುಡುಗಿ. ಹೂವು ಮುಟ್ಟಿಸುವ ಕೆಲಸವನ್ನು ತಾನೇ ವಹಿಸಿಕೊಂಡಳು. ಸಂಜೆ ಐದೂವರೆಗೆ ಆಟ ಬಿಟ್ಟು ಬಂದು ಸ್ಟೂಲಿನ ಮೇಲೆ ನಿಲ್ಲುತ್ತಿದ್ದಳಂತೆ. ಯಾವ ಮೊಗ್ಗು ಇವತ್ತು ಅರಳುತ್ತದೆ ಎಂದು ಮಧ್ಯಾಹ್ನವೇ ಹೇಳುವಷ್ಟು ಕಣ್ಣು ಪಳಗಿತ್ತು. ಅರಳುವ ದಿನ ಮೊಗ್ಗಿನ ತುದಿ ಹಸಿರು ಬಿಟ್ಟು ಹಳದಿಗೆ ತಿರುಗಿರುತ್ತದೆ. ಅದನ್ನು ಅವಳಿಗೆ ನಾವು ಯಾರೂ ಹೇಳಿಕೊಟ್ಟಿರಲಿಲ್ಲ.

ಏಪ್ರಿಲ್ ಕೊನೆಯ ವಾರ ಇನ್ನೊಂದು ಸಲ ಬಿಳಿ ದಾರ ಕಟ್ಟಿಸಿದೆ. ಈ ಸಲ ಎಂಟು ಹೆಣ್ಣು ಹೂವಿಗೆ, ಕೈ ಮುಟ್ಟಿಸದೆ. ದೀಪ ಇಲ್ಲ, ಔಷಧಿ ಇಲ್ಲ, ಮೇಲಿಂದ ನೀರಿಲ್ಲ. ನಾಲ್ಕು ನಿಂತವು. ಮೊದಲು ಆರಕ್ಕೆ ಒಂದು, ಈಗ ಎಂಟಕ್ಕೆ ನಾಲ್ಕು. ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಈ ನಾಲ್ಕು ಕಾಯಿಗಳೇ. ಕೈಯಿಂದ ಮುಟ್ಟಿಸಿ ಕಾಯಿ ಪಡೆಯುವುದು ದೊಡ್ಡ ವಿಷಯವಲ್ಲ. ಸಂಜೆಯ ಕೀಟಗಳು ಮತ್ತೆ ಆ ಹಿತ್ತಲಿಗೆ ಬಂದವಲ್ಲ, ಅದು ದೊಡ್ಡದು. ಅತ್ತೆ ಒಂದು ರಾತ್ರಿ ಏಳೂವರೆಗೆ ಸೋರೆ ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಉದ್ದ ಸೊಂಡಿಲು ಚಾಚಿದ ದೊಡ್ಡ ಪತಂಗವನ್ನು ನೋಡಿದರಂತೆ. "ಹಕ್ಕಿನೋ ಹುಳನೋ ಗೊತ್ತಾಗ್ಲಿಲ್ಲ ಮಗಾ" ಎಂದು ಆಗಲೇ ಫೋನ್ ಮಾಡಿ ಹೇಳಿದರು.

ಊರಿನಲ್ಲಿ ಇದೆಲ್ಲ ಯಾಕೆ ಬೇಕಾಗುತ್ತಿರಲಿಲ್ಲ ಎಂದು ಅವರು ಕೇಳಿದ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ. ಅವರ ತಾಯಿ ಮನೆಯಲ್ಲಿ ಸೋರೆ ತಿಪ್ಪೆಯ ಮೇಲೆ ಹುಟ್ಟಿ ಸೂರಿಗೆ ಹಬ್ಬುತ್ತಿತ್ತು. ಹೀರೆ ಬೇಲಿಗೆ ಹಬ್ಬುತ್ತಿತ್ತು. ಸಂಜೆಯಾದರೆ ಹಿತ್ತಲು ಪೂರ್ತಿ ಕತ್ತಲು. ಬಳ್ಳಿಯ ಮೇಲಿಂದ ನೀರು ಹೊಯ್ಯುವವರು ಯಾರೂ ಇರಲಿಲ್ಲ, ಕೊಡದಲ್ಲಿ ಹೊತ್ತು ತಂದ ನೀರು ಬುಡಕ್ಕೇ ಸಾಲುತ್ತಿರಲಿಲ್ಲ. ಬೇಲಿಯಲ್ಲಿ ಲಂಟಾನ, ಎಕ್ಕ, ಹೊಂಗೆ. ಸುತ್ತ ಕೀಟಗಳಿಗೆ ವರ್ಷವಿಡೀ ಮನೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಪ್ರಕರಣಕ್ಕೆ ನೇರ ಸಂಬಂಧ ಇಲ್ಲದಿದ್ದರೂ. ಮನೆಯಲ್ಲಿ ಬೆಳೆದ ಸೋರೆಕಾಯನ್ನು ಅಡುಗೆಗೆ ಹಾಕುವ ಮುಂಚೆ ಚೂರು ಕತ್ತರಿಸಿ ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಪೂರ್ತಿ ಕಾಯನ್ನು ಎಸೆಯಿರಿ. ಕಹಿ ಸೋರೆಯಲ್ಲಿ ವಿಷದ ಅಂಶ ಇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಜ್ಯೂಸ್ ಮಾಡಿ ಕುಡಿದವರು ಪ್ರಾಣಕ್ಕೇ ಅಪಾಯ ತಂದುಕೊಂಡದ್ದಿದೆ. ಊರ ಬೀಜ, ತಿಪ್ಪೆಯಲ್ಲಿ ತಾನಾಗಿ ಹುಟ್ಟಿದ ಬಳ್ಳಿ ಇವುಗಳ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಅತ್ತೆಯ ಬಳ್ಳಿಯ ಕಾಯಿ ಸಿಹಿಯಾಗಿಯೇ ಇತ್ತು.

ಮೇ ತಿಂಗಳಲ್ಲಿ ಹೊಸ ತಲೆನೋವು ಶುರುವಾಯಿತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಆ ಮಳೆಯ ತೇವಕ್ಕೆ ಹಣ್ಣು ನೊಣವೂ ಬೆಳೆಯಿತು. ಮಾರ್ಚ್‌ನಲ್ಲಿ ಹನ್ನೊಂದರಲ್ಲಿ ಎರಡಕ್ಕೆ ಇದ್ದ ಹುಳ ಈಗ ಅರ್ಧಕ್ಕರ್ಧ ಹೀಚಿಗೆ ಬಂತು. ಇಲ್ಲಿ ನಾವು ಸ್ವಲ್ಪ ತಡ ಮಾಡಿದೆವು. ಮಾರ್ಚ್‌ನಲ್ಲಿ ಎರಡು ಕಂಡಾಗಲೇ ಕ್ಯೂ ಲ್ಯೂರ್, ಅಂದರೆ ವಾಸನೆಯಿಂದ ನೊಣವನ್ನು ಸೆಳೆಯುವ ವಸ್ತು ಹಾಕಿದ ಮೋಹಕ ಬಲೆ ನೇತುಹಾಕಬೇಕಿತ್ತು. ಆ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಹಾಗಾಗಿ ನೊಣ ಹೆಚ್ಚುವ ಮುಂಚೆ ಹಾಕಿದರೆ ಪ್ರಯೋಜನ ಜಾಸ್ತಿ. ಉದುರಿದ ಹೀಚನ್ನು ನೆಲದಲ್ಲೇ ಬಿಟ್ಟದ್ದೂ ತಪ್ಪಾಯಿತು. ಅದರ ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಏಳುತ್ತದೆ. ಗೊಬ್ಬರದ ಗುಂಡಿಗೂ ಹಾಕಬಾರದು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಬಿಸಿಲಿಗೆ ಇಡುವುದೇ ಸರಿ. ಈ ಎರಡು ಕೆಲಸವನ್ನು ಮೇ ಮೊದಲ ವಾರ ಶುರು ಮಾಡಿದೆವು. ಜೊತೆಗೆ, ಪರಾಗ ಮುಟ್ಟಿಸಿ ಎರಡು ದಿನವಾದ ಹೀಚಿಗೆ ಹಳೇ ಸೀರೆಯ ತೆಳು ಬಟ್ಟೆಯ ಚೀಲ ಹೊಲಿದು ಕಟ್ಟಿದರು. ಹೊಲಿದವರು ಅತ್ತೆ, ಕಟ್ಟಿದವಳು ಮೊಮ್ಮಗಳು. ಚೀಲ ಕಟ್ಟಿದ್ದಕ್ಕೆ ಹುಳ ಬೀಳಲಿಲ್ಲ. ಬಲೆಯಿಂದ ಎಷ್ಟು ಲಾಭವಾಯಿತೋ, ಚೀಲದ ಲಾಭವಂತೂ ಕಣ್ಣಿಗೇ ಕಾಣುತ್ತಿತ್ತು.

ಲೆಕ್ಕ ಬೇಕೆನ್ನುವವರಿಗೆ ಮಾವನ ಕ್ಯಾಲೆಂಡರ್‌ನ ಲೆಕ್ಕ ಕೊಡುತ್ತೇನೆ. ಏಪ್ರಿಲ್ 14ರಂದು ಮೊದಲ ಹೀರೆಕಾಯಿ ಕಿತ್ತರು. ಮೇ 31ರ ತನಕ ನಾಲ್ಕು ಪಾತಿಯಿಂದ ಐವತ್ತಮೂರು ಹೀರೆಕಾಯಿ, ಎರಡು ಪಾತಿಯಿಂದ ಒಂಬತ್ತು ಸೋರೆಕಾಯಿ. ಎರಡು ಮೂರು ದಿನಕ್ಕೊಮ್ಮೆ ಎಳೆಯದಾಗಿಯೇ ಕೀಳಿ ಎಂದು ಹೇಳಿದ್ದೆ. ಬಲಿತ ಕಾಯಿ ಬಳ್ಳಿಯಲ್ಲೇ ಉಳಿದರೆ ಬಳ್ಳಿ ಅದಕ್ಕೇ ಶಕ್ತಿ ಹಾಕಿ ಹೊಸ ಹೀಚು ಉದುರಿಸುತ್ತದೆ. ಅತ್ತೆ ಹೀರೆಕಾಯಿ ಸಿಪ್ಪೆಯನ್ನೂ ಬಿಡದೆ ಚಟ್ನಿ ಮಾಡಿದರು. ಒಂದು ಡಬ್ಬಿ ನಮ್ಮ ಮನೆಗೂ ಬಂತು.

ಜೂನ್ ಮೊದಲ ಭಾನುವಾರ ನಾನು ಮತ್ತೆ ಹೋದಾಗ ಹೀರೆಬಳ್ಳಿ ಬುಡದ ಕಡೆಯಿಂದ ಒಣಗುತ್ತಾ ಬಂದಿತ್ತು. ಚಪ್ಪರದ ನಡುವೆ ಒಂದೇ ಒಂದು ಕಾಯಿ ಕೀಳದೆ ಬಿಟ್ಟಿದ್ದರು. ಬೀಜಕ್ಕೆ. ಬಲಿತು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ತೊಟ್ಟಿನಲ್ಲಿ ಕೆಂಪು ದಾರ ಇನ್ನೂ ಇತ್ತು. ಪಕ್ಕದಲ್ಲಿ ಹೊಸ ಪಾತಿ ಅಗೆದು ಪಡವಲದ ಬೀಜ ಹಾಕಲು ಮಾವ ತಯಾರಾಗಿದ್ದರು.

"ಇದರ ಹೂವು ಎಷ್ಟು ಹೊತ್ತಿಗೆ ಅರಳ್ತದೆ?" ಎಂದು ಕೇಳಿದರು. ಗುದ್ದಲಿ ಇನ್ನೂ ಕೈಯಲ್ಲೇ ಇತ್ತು.